ತುಕ್ಕಿನೊಳಗಣ ಅಕ್ಷರ: ಜಪಾನೀ ಖಡ್ಗಗಳ ಸಂಗ್ರಹ ಮತ್ತು ಜೀರ್ಣೋದ್ಧಾರ

ಆಯುಧವೆಂದೊಡನೆ ಹಿಂಸೆಯ ನೆನಪಾಗುವುದು ಸಹಜ. ಆದರೆ ಯುದ್ಧ ಮುಗಿದು, ಅದನ್ನು ಹಿಡಿದವನೂ ಅದಕ್ಕೆ ಎದುರಾದವನೂ ಕಾಲವಶರಾದ ಬಳಿಕ ಖಡ್ಗವು ಒಂದು ದಾಖಲೆಯಾಗುತ್ತದೆ. ಶಾಸನವನ್ನು ಓದುವಂತೆ, ಓಲೆಗರಿಯನ್ನು ಓದುವಂತೆ ಅದನ್ನೂ ಓದಬಹುದು. ಓದಲು ಬಾರದವನ ಕೈಗೆ ಸಿಕ್ಕ ಓಲೆಗರಿಯ ಕಟ್ಟು ಒಲೆಯ ಪಾಲಾದುದನ್ನು ನಾವು ಕೇಳಿಬಲ್ಲೆವು. ಖಡ್ಗಕ್ಕೂ ಅಂಥದೇ ಗತಿ ಒದಗುವುದುಂಟು. ಬೆಂಗಳೂರಿನ ದಂಡುಪ್ರದೇಶದಲ್ಲಿಯೂ ಅದರ ಪೂರ್ವಕ್ಕೆ ಹಬ್ಬಿರುವ ಬಡಾವಣೆಗಳಲ್ಲಿಯೂ ನೆಲೆಸಿರುವ ಸೈನಿಕ ಮನೆತನಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಜಪಾನೀ ಖಡ್ಗಗಳನ್ನು ಕುರಿತು, ಅವುಗಳ ಅಂಗೋಪಾಂಗಗಳನ್ನು ಕುರಿತು, ಅವನ್ನು ಕಾಯ್ದುಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ನಿವೇದಿಸಲಾಗಿದೆ. ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ಯಾರಾದರೂ ಕೇಳಬಹುದು. ಮುಂದೆ ಓದಿದಂತೆ ಅದು ತಾನಾಗಿ ವಿಶದವಾದೀತು.

ಹೆಸರು ಮತ್ತು ಅಳತೆ

ಅಮರಸಿಂಹನು ತನ್ನ ಕೋಶದಲ್ಲಿ ಖಡ್ಗಕ್ಕೆ ಒಂಬತ್ತು ಹೆಸರುಗಳನ್ನು ಹೇಳಿದ್ದಾನೆ: ಖಡ್ಗ, ನಿಸ್ತ್ರಿಂಶ, ಚಂದ್ರಹಾಸ, ಅಸಿ, ರಿಷ್ಟಿ, ಕೌಕ್ಷೇಯಕ, ಮಂಡಲಾಗ್ರ, ಕರವಾಲ, ಕೃಪಾಣ. ಇವುಗಳಲ್ಲಿ ಕೌಕ್ಷೇಯಕವೆಂದರೆ ಕುಕ್ಷಿಯ ಪಕ್ಕದಲ್ಲಿ ಧರಿಸತಕ್ಕದ್ದು. ನಿಸ್ತ್ರಿಂಶವೆಂದರೆ ಮೂವತ್ತು ಅಂಗುಲಗಳನ್ನು ಮೀರಿದ್ದು ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಹಿಡಿಗೆ ‘ತ್ಸರು’ ಎಂಬ ಪ್ರತ್ಯೇಕ ಶಬ್ದವೂ ಅಲ್ಲಿಯೇ ಇದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಖಡ್ಗಲಕ್ಷಣಕ್ಕೆಂದೇ ಒಂದು ಅಧ್ಯಾಯವಿದ್ದು, ಐವತ್ತು ಅಂಗುಲದ ಖಡ್ಗ ಉತ್ತಮವೆಂದೂ ಇಪ್ಪತ್ತೈದು ಅಂಗುಲದ್ದು ಕನಿಷ್ಠವೆಂದೂ ಹೇಳಿದೆ. ಆಯುಧವನ್ನು ಅಳೆದು, ಹೆಸರಿಟ್ಟು, ಲಕ್ಷಣ ಹೇಳಿ ಶಾಸ್ತ್ರವಾಗಿಸುವ ಬುದ್ಧಿ ನಮ್ಮವರಿಗೆ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು.

ಜಪಾನೀಯರೂ ಇದೇ ದಾರಿಯಲ್ಲಿ ನಡೆದವರು. ಅವರ ಅಳತೆಯ ಮಾನ ‘ಶಾಕು’, ಅದು ೩೦.೩ ಸೆಂಟಿಮೀಟರು. ಅಲಗು ಎರಡು ಶಾಕುವಿಗಿಂತ ಉದ್ದವಿದ್ದು, ಬಾಯಿ ಮೇಲ್ಮುಖವಾಗುವಂತೆ ನಡುಪಟ್ಟಿಯಲ್ಲಿ ಸಿಕ್ಕಿಸತಕ್ಕದ್ದಾದರೆ ಅದು ‘ಕತಾನಾ’. ಅಷ್ಟೇ ಉದ್ದವಿದ್ದು ಬಾಯಿ ಕೆಳಮುಖವಾಗುವಂತೆ ತೂಗುಬಿಡತಕ್ಕದ್ದಾದರೆ ‘ತಾಚಿ’. ಒಂದರಿಂದ ಎರಡು ಶಾಕುವಿನವರೆಗಿನದು ‘ವಾಕಿಝಾಶಿ’; ಒಂದು ಶಾಕುವಿಗೂ ಕಡಮೆಯಾದುದು ‘ತಾಂತೊ’ ಎಂಬ ಬಾಕು. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೆ ನಮ್ಮ ನಿಸ್ತ್ರಿಂಶದ ಮೂವತ್ತು ಅಂಗುಲ ಸುಮಾರು ೫೭ ಸೆಂಟಿಮೀಟರಾಗುತ್ತದೆ. ಅವರ ಎರಡು ಶಾಕು ೬೦.೬ ಸೆಂಟಿಮೀಟರು. ಒಬ್ಬರಿಂದ ಒಬ್ಬರು ಕಲಿತರೆಂದು ಇದರಿಂದ ಸಾಧಿಸಲಾಗದು. ಮನುಷ್ಯನ ತೋಳಿನ ಉದ್ದ ಎಲ್ಲೆಡೆಯೂ ಒಂದೇ. ಆದುದರಿಂದ ಶಾಸ್ತ್ರಗಳೂ ಹತ್ತಿರ ಹತ್ತಿರ ಬಂದಿವೆ ಎಂದಿಷ್ಟೇ ತಿಳಿಯಬೇಕು.

ದಂಡಿಗೆ ಬಂದ ಬಗೆ

೧೮೦೯ರಲ್ಲಿ ಬ್ರಿಟಿಷರು ಹಲಸೂರಿನ ಸುತ್ತಮುತ್ತ ದಂಡನ್ನು ಸ್ಥಾಪಿಸಿದ ಮೇಲೆ ಬೆಂಗಳೂರಿನ ಪೂರ್ವಭಾಗ ಸೈನ್ಯದ ಊರಾಗಿ ಬೆಳೆಯಿತು. ಮದ್ರಾಸ್ ಸ್ಯಾಪರ್ಸ್ ಎಂದು ಪ್ರಸಿದ್ಧವಾದ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರ ಇಂದಿಗೂ ಹಲಸೂರು ಕೆರೆಯ ಬಳಿಯಲ್ಲಿಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ ಈ ದಳದವರು ಬರ್ಮಾದ ಕಾಡುಗಳಲ್ಲಿ ಸೇತುವೆ ಕಟ್ಟಿದರು, ದಾರಿ ಕಡಿದರು, ಕಾದಿದರು. ಬೇರೆ ಬೇರೆ ದಳಗಳಲ್ಲಿದ್ದು ನಿವೃತ್ತಿಯ ಅನಂತರ ಬೆಂಗಳೂರಿನ ಹವೆಯನ್ನು ಮೆಚ್ಚಿ ಬಂದು ನೆಲೆಸಿದವರೂ ಅನೇಕರು. ಇಂದಿರಾನಗರದಲ್ಲಿ ಡಿಫೆನ್ಸ್ ಕಾಲನಿ ಎಂಬ ಬಡಾವಣೆಯೇ ಇದೆ.

೧೯೪೫ರ ಸೆಪ್ಟೆಂಬರ್ ೧೨ರಂದು ಸಿಂಗಪುರದಲ್ಲಿ ಆಗ್ನೇಯ ಏಷ್ಯದ ಜಪಾನೀ ಸೈನ್ಯದ ಶರಣಾಗತಿಯ ಪತ್ರಕ್ಕೆ ರುಜುವಾಯಿತು. ಖಡ್ಗವನ್ನು ಒಪ್ಪಿಸುವ ಹಳೆಯ ವಿಧಿ ಬೇಡವೆಂದು ಜನರಲ್ ಮೆಕಾರ್ಥರರ ಅಭಿಪ್ರಾಯವಿತ್ತು. ಬರ್ಮಾದ ಸೇನಾನಿ ಜನರಲ್ ಸ್ಲಿಮ್ ಅದನ್ನು ಒಪ್ಪಲಿಲ್ಲ. ಜಪಾನೀ ಅಧಿಕಾರಿಗಳು ತಮ್ಮ ಸೈನಿಕರ ಸಮಕ್ಷಮದಲ್ಲಿ ಖಡ್ಗವನ್ನು ಕೈಯಿಂದ ಕೈಗೆ ಒಪ್ಪಿಸತಕ್ಕದ್ದೆಂದು ಅವರು ಪಟ್ಟುಹಿಡಿದರು. ಹಾಗೆ ಒಪ್ಪಿಸಿದ ಖಡ್ಗಗಳು ಗೆದ್ದ ಸೈನ್ಯದ ಅಧಿಕಾರಿಗಳಿಗೆ ಸ್ಮರಣಿಕೆಗಳಾಗಿ ಹಂಚಿಹೋದುವು. ಇತ್ತ ಜಪಾನಿಗೆ ಹೋದ ಬ್ರಿಟಿಷ್ ಕಾಮನ್‌ವೆಲ್ತ್ ಸೇನೆಯಲ್ಲಿ ಭಾರತೀಯ ದಳವೂ ಇತ್ತು. ಅದರ ೨೬೮ನೆಯ ಬ್ರಿಗೇಡಿನ ನಾಯಕತ್ವವನ್ನು ವಹಿಸಿದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ಹೀಗೆ ರಣಭೂಮಿಯಿಂದಲೂ ಶರಣಾಗತಿಯ ಮೈದಾನಗಳಿಂದಲೂ ಸೋತ ದೇಶದಿಂದಲೂ ಕೆಲವು ಖಡ್ಗಗಳು ಭಾರತಕ್ಕೆ ಬಂದುವು. ಸೇನೆಯ ಭೋಜನಶಾಲೆಗಳ ಗೋಡೆಗಳನ್ನು ಸೇರಿದುವು ಕೆಲವು. ಟ್ರಂಕುಗಳಲ್ಲಿ ಮಲಗಿ ಮಕ್ಕಳಿಗೂ ಮೊಮ್ಮಕ್ಕಳಿಗೂ ಬಳುವಳಿಯಾದುವು ಕೆಲವು.

ಒಂದೇ ಒರೆಯಲ್ಲಿ ಎರಡು ಬಗೆ

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಯುದ್ಧಕಾಲದ ಜಪಾನೀ ಅಧಿಕಾರಿಯ ಖಡ್ಗ ಹೊರನೋಟಕ್ಕೆ ಬಹುಮಟ್ಟಿಗೆ ಒಂದೇ ತೆರ: ಕಂದು ಅಥವಾ ಹಸುರು ಬಣ್ಣದ ಲೋಹದ ಒರೆ, ಕೆಲವಕ್ಕೆ ಅದರ ಮೇಲೆ ಚರ್ಮದ ಹೊದಿಕೆ, ತೊರಕೆ ಮೀನಿನ ಹರಳುಹರಳಾದ ಚರ್ಮವನ್ನು ಹೊದಿಸಿ ದಾರ ಸುತ್ತಿದ ಹಿಡಿ. ೧೯೩೪ರಲ್ಲಿ ಗೊತ್ತುಮಾಡಿದ ಮಾದರಿ ಇದು. ಆದರೆ ಒಳಗಿನ ಅಲಗು ಒಂದೇ ತೆರನಾಗಿರಬೇಕಾಗಿಲ್ಲ. ಬಹುಪಾಲು ಅಲಗುಗಳು ಯುದ್ಧದ ಅವಸರದಲ್ಲಿ ಕಾರ್ಖಾನೆಯ ಉಕ್ಕಿನಿಂದ ತಯಾರಾಗಿ, ಎಣ್ಣೆಯಲ್ಲಿ ಅದ್ದಿ ಹದಗೊಂಡವು. ಕೆಳದರ್ಜೆಯ ಅಧಿಕಾರಿಗಳಿಗೆ ಕೊಟ್ಟ ೧೯೩೫ರ ಮಾದರಿಯವಂತೂ ಕ್ರಮಸಂಖ್ಯೆಯನ್ನು ಹೊತ್ತ ಯಂತ್ರನಿರ್ಮಿತ ವಸ್ತುಗಳು. ಇವುಗಳ ನಡುವೆಯೇ, ಯುದ್ಧಕ್ಕೆ ಹೊರಟ ಮಗನಿಗೆ ಮನೆಯ ಹಿರಿಯರು ಕೊಟ್ಟ ಕುಲಪರಂಪರೆಯ ಅಲಗುಗಳೂ ಇದ್ದುವು. ಮುನ್ನೂರು ನಾನ್ನೂರು ವರ್ಷಗಳ ಹಳೆಯ ಅಲಗಿಗೆ ಸೈನ್ಯದ ಹೊಸ ಹಿಡಿಯನ್ನೂ ಒರೆಯನ್ನೂ ತೊಡಿಸಿದ್ದುಂಟು. ಹೊಸ ರಟ್ಟು ಹಾಕಿದ ಹಳೆಯ ಹಸ್ತಪ್ರತಿಯಂತೆ ಅದು. ರಟ್ಟನ್ನು ನೋಡಿ ಗ್ರಂಥದ ಕಾಲವನ್ನು ನಿರ್ಣಯಿಸಬಾರದೆಂಬುದು ಸಂಪಾದನಶಾಸ್ತ್ರದ ಮೊದಲ ಪಾಠವಲ್ಲವೆ?

ಹಿಡಿಯೊಳಗಣ ಪುಷ್ಪಿಕೆ

ಹಾಗಾದರೆ ನಿರ್ಣಯಿಸುವುದು ಹೇಗೆ? ಅಲಗಿನ ಬುಡವು ಹಿಡಿಯೊಳಗೆ ಹುದುಗಿರುತ್ತದೆ. ಅದಕ್ಕೆ ‘ನಕಾಗೊ’ ಎಂದು ಹೆಸರು. ಹಿಡಿಯನ್ನೂ ಬುಡವನ್ನೂ ಹಿಡಿದಿಡುವುದು ‘ಮೆಕುಗಿ’ ಎಂಬ ಒಂದೇ ಒಂದು ಬಿದಿರಿನ ಕೀಲು. ಅಂಟಿಲ್ಲ, ಬೆಸುಗೆಯಿಲ್ಲ. ಕೀಲನ್ನು ಮೆಲ್ಲನೆ ತಟ್ಟಿ ತೆಗೆದರೆ ಹಿಡಿ ಬೇರೆಯಾಗುತ್ತದೆ, ಬುಡ ಕಾಣಿಸುತ್ತದೆ. ಅದರ ಮೇಲೆ ಉಳಿಯಿಂದ ಕೊರೆದ ಅಕ್ಷರಗಳಿದ್ದರೆ, ನಮ್ಮ ಹಸ್ತಪ್ರತಿಗಳ ಕೊನೆಯಲ್ಲಿ ಬರುವ ಪುಷ್ಪಿಕೆಗೂ ಅವಕ್ಕೂ ಭೇದವಿಲ್ಲ. ನಮ್ಮ ಲಿಪಿಕಾರನು ತನ್ನ ಹೆಸರು, ಊರು, ಸಂವತ್ಸರ, ಮಾಸ, ತಿಥಿಗಳನ್ನು ಬರೆದಂತೆ ಅಲ್ಲಿನ ಕಮ್ಮಾರನು ಒಂದು ಮೈಯಲ್ಲಿ ತನ್ನ ಸೀಮೆಯನ್ನೂ ಹೆಸರನ್ನೂ, ಕೆಲವೊಮ್ಮೆ ಇನ್ನೊಂದು ಮೈಯಲ್ಲಿ ವರ್ಷವನ್ನೂ ಮಾಸವನ್ನೂ ಕೊರೆಯುತ್ತಾನೆ.

ವರ್ಷವನ್ನು ಹೇಳುವ ಕ್ರಮವೂ ನಮಗೆ ಅಪರಿಚಿತವಲ್ಲ. ಚಕ್ರವರ್ತಿಯ ಆಳ್ವಿಕೆಗೆ ಇಟ್ಟ ಹೆಸರಿನ ಇಷ್ಟನೆಯ ವರ್ಷ ಎಂಬುದು ಒಂದು ಕ್ರಮ. ‘ಶೋವಾ’ ಎಂಬ ಹೆಸರಿದ್ದರೆ ಮುಂದಿನ ಸಂಖ್ಯೆಗೆ ೧೯೨೫ನ್ನು ಕೂಡಿಸಬೇಕು. ಶೋವಾ ೧೮ ಎಂದರೆ ೧೯೪೩. ಇನ್ನೊಂದು, ಅರವತ್ತು ವರ್ಷಗಳ ಚಕ್ರ. ನಮ್ಮಲ್ಲಿ ಪ್ರಭವಾದಿ ಅರವತ್ತು ಸಂವತ್ಸರಗಳಿದ್ದಂತೆ ಅವರಲ್ಲಿಯೂ ಅರವತ್ತು ಹೆಸರುಗಳು ಮರಳಿ ಮರಳಿ ಬರುತ್ತವೆ. ಅವರ ಚಕ್ರ ೧೯೮೪ರಲ್ಲಿ ಮೊದಲಾದರೆ ನಮ್ಮ ಪ್ರಭವ ೧೯೮೭ರಲ್ಲಿ ಬಂದಿತು; ಅಂತರ ಮೂರೇ ವರ್ಷ. ಶಕವರ್ಷವಿಲ್ಲದೆ ಸಂವತ್ಸರವನ್ನಷ್ಟೇ ಹೇಳುವ ಶಾಸನದ ಕಾಲನಿರ್ಣಯದಲ್ಲಿ ನಮಗೆ ಬರುವ ತೊಡಕೇ ಅಲ್ಲಿಯೂ ಬರುತ್ತದೆ.

ಕೃತಕ ಪುಷ್ಪಿಕೆಗಳೂ ಉಂಟು. ಪ್ರಸಿದ್ಧನಾದ ಕಮ್ಮಾರನ ಹೆಸರನ್ನು ಸಾಮಾನ್ಯ ಅಲಗಿನ ಮೇಲೆ ಕೊರೆದು ಬೆಲೆ ಹೆಚ್ಚಿಸುವ ಚಾಳಿ ಜಪಾನಿನಲ್ಲಿ ಶತಮಾನಗಳಿಂದ ನಡೆದುಬಂದಿದೆ. ವಚನಗಳಲ್ಲಿ ಅಂಕಿತವೊಂದನ್ನೇ ನಂಬಿ ಕರ್ತೃವನ್ನು ನಿರ್ಣಯಿಸಿದರೆ ಪ್ರಕ್ಷಿಪ್ತಗಳಿಗೆ ಬಾಗಿಲು ತೆರೆದಂತಾಗುತ್ತದೆಂದು ನಮ್ಮ ಸಂಪಾದಕರು ಎಚ್ಚರಿಸುವುದಿಲ್ಲವೆ? ಅಲ್ಲಿನ ಪರೀಕ್ಷಕರೂ ಹೆಸರನ್ನು ಕಡೆಗೆ ನೋಡುತ್ತಾರೆ. ಮೊದಲು ಅಲಗಿನ ಆಕಾರ, ಅನಂತರ ಉಕ್ಕಿನ ಮೈ, ಬಾಯಿಯಂಚಿನ ರೇಖೆ, ಬುಡದ ಮೇಲಿನ ಅರದ ಗೀರುಗಳ ಓರೆ, ಅದರ ತುಕ್ಕಿನ ಬಣ್ಣ. ಇವೆಲ್ಲ ಹೆಸರಿಗೆ ಹೊಂದಿದರೆ ಮಾತ್ರ ಹೆಸರು ಪ್ರಮಾಣ. ಕೆಲವು ಹಳೆಯ ಉದ್ದ ಅಲಗುಗಳನ್ನು ಮುಂದಿನವರು ಬುಡದ ಕಡೆಯಿಂದ ಕತ್ತರಿಸಿ ಗಿಡ್ಡಮಾಡಿದ್ದಾರೆ. ಆಗ ಅಕ್ಷರಗಳೇ ಹೋಗಿರುತ್ತವೆ. ಕೊನೆಯ ಗರಿ ಕಳೆದ ಹಸ್ತಪ್ರತಿಯ ಹಾಗೆ ಅವನ್ನು ಶೈಲಿಯಿಂದಲೇ ಗುರುತಿಸಬೇಕು.

ಬುಡದ ತುಕ್ಕನ್ನು ಎಂದಿಗೂ ಮುಟ್ಟಬಾರದೆಂಬ ನಿಯಮಕ್ಕೆ ಇದೇ ಕಾರಣ. ಶತಮಾನಗಳಲ್ಲಿ ಮೆಲ್ಲಮೆಲ್ಲನೆ ಕಟ್ಟಿದ ತುಕ್ಕು ಕಪ್ಪುಗಂದಾಗಿ, ನುಣುಪಾಗಿ, ಕಬ್ಬಿಣದೊಡನೆ ಒಂದಾಗಿರುತ್ತದೆ. ನಿನ್ನೆ ಮೊನ್ನೆಯದು ಕೆಂಪಾಗಿ ಪುಡಿಪುಡಿಯಾಗಿರುತ್ತದೆ. ಅಕ್ಷರದ ಗೆರೆಯೊಳಗೂ ಹೊರಗೂ ಒಂದೇ ಬಗೆಯ ಹಳೆಯ ತುಕ್ಕು ಇದ್ದರೆ ಅಕ್ಷರವೂ ಹಳೆಯದು; ಗೆರೆಯೊಳಗೆ ಮಾತ್ರ ಹೊಸದಿದ್ದರೆ ಸಂದೇಹಕ್ಕೆ ಎಡೆಯುಂಟು. ತುಕ್ಕನ್ನು ಉಜ್ಜಿ ತೆಗೆದವನು ಸಾಕ್ಷಿಯ ಬಾಯನ್ನೇ ಮುಚ್ಚಿದಂತೆ.

ಉಕ್ಕಿನ ಮಾತು

ಜಪಾನೀ ಖಡ್ಗದ ಉಕ್ಕು ‘ತಮಹಗಾನೆ’. ಕಬ್ಬಿಣಾಂಶದ ಮರಳನ್ನೂ ಇದ್ದಲನ್ನೂ ‘ತತಾರಾ’ ಎಂಬ ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು ಮೂರು ರಾತ್ರಿ ಬೇಯಿಸಿ ಇದನ್ನು ಪಡೆಯುತ್ತಾರೆ. ಕಮ್ಮಾರನು ಅದನ್ನು ಕಾಸಿ, ಬಡಿದು, ಮಡಿಸಿ, ಮತ್ತೆ ಬಡಿಯುತ್ತಾನೆ. ಹತ್ತು ಸಲ ಮಡಿಸಿದರೆ ೧,೦೨೪ ಪದರಗಳಾಗುತ್ತವೆ. ಹದಿನೈದು ಸಲ ಮಡಿಸಿದರೆ ೩೨,೭೬೮. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಬಳಿಕ ಅಲಗಿನ ಬೆನ್ನಿಗೆ ದಪ್ಪವಾಗಿಯೂ ಬಾಯಿಗೆ ತೆಳುವಾಗಿಯೂ ಜೇಡಿಮಣ್ಣಿನ ಲೇಪವನ್ನು ಕೊಟ್ಟು, ಕೆಂಪಗೆ ಕಾಸಿ, ನೀರಿನಲ್ಲಿ ಅದ್ದುತ್ತಾನೆ. ತೆಳುಲೇಪದ ಬಾಯಿ ಒಮ್ಮೆಲೆ ತಣಿದು ಅತಿ ಗಡುಸಾಗುತ್ತದೆ. ದಪ್ಪಲೇಪದ ಬೆನ್ನು ನಿಧಾನವಾಗಿ ತಣಿದು ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಖಡ್ಗಕ್ಕೆ ಬಿಲ್ಲಿನಂಥ ಬಾಗು ಪೂರ್ಣವಾಗಿ ಬರುವುದೂ ಈ ಕ್ಷಣದಲ್ಲಿಯೇ. ಎರಡು ಗುಣಗಳು ಕೂಡುವೆಡೆಯಲ್ಲಿ ಮಂಜು ಕವಿದಂಥ ಬಿಳಿಯ ರೇಖೆಯೊಂದು ಮೂಡುತ್ತದೆ. ಅದೇ ‘ಹಮೊನ್’, ಅದು ಕಮ್ಮಾರನ ಕೈಬರಹ.

ಉಕ್ಕೆಂಬ ಮಾತು ಬಂದಾಗ ಕನ್ನಡಿಗನು ತಲೆಯೆತ್ತಬಹುದು. ಹೊರದೇಶಗಳ ಗ್ರಂಥಗಳಲ್ಲಿ ‘ವೂಟ್ಸ್’ ಎಂದು ಪ್ರಸಿದ್ಧವಾದ ದಕ್ಷಿಣಭಾರತದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಹುಟ್ಟಿತೆಂದು ವಿದ್ವಾಂಸರು ಒಪ್ಪುತ್ತಾರೆ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಲಂಡನಿನ ರಾಯಲ್ ಸೊಸೈಟಿಯಲ್ಲಿ ಇದನ್ನು ಕುರಿತು ಪ್ರಬಂಧವನ್ನು ಓದಿದನು. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್, ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಕಾಸಿ ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಂಗಳೂರಿನ ವಿದ್ಯಾಸಂಸ್ಥೆಗಳವರೇ ಆದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು ೨೦೦೪ರಲ್ಲಿ ಈ ಉಕ್ಕಿನ ಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ರಚಿಸಿದ್ದಾರೆ. ಇನ್ನೊಂದು ಕುತೂಹಲದ ಸಂಗತಿಯಿದೆ. ತೊಕುಗಾವಾ ಇಯೆಯಾಸುವಿನ ಆಶ್ರಯದಲ್ಲಿದ್ದ ಎಚಿಝೆನ್ ಸೀಮೆಯ ಯಾಸುತ್ಸುಗು ಎಂಬ ಕಮ್ಮಾರನು ತನ್ನ ಅಲಗುಗಳ ಬುಡದಲ್ಲಿ ‘ನಂಬನ್ ಕಬ್ಬಿಣದಿಂದ ಮಾಡಿದ್ದು’ ಎಂಬರ್ಥದ ಮಾತನ್ನು ಕೊರೆಯುತ್ತಿದ್ದನು. ನಂಬನ್ ಎಂದರೆ ದಕ್ಷಿಣ ಸಮುದ್ರದಿಂದ ಪೋರ್ಚುಗೀಸರೂ ಡಚ್ಚರೂ ತಂದದ್ದು. ಅದರಲ್ಲಿ ನಮ್ಮ ದಕ್ಷಿಣಭಾರತದ ಉಕ್ಕೂ ಸೇರಿದ್ದಿತೆಂಬುದು ಕೆಲವು ಸಂಶೋಧಕರ ಅಭಿಪ್ರಾಯ. ಅದು ನಿಜವಾಗಿದ್ದಲ್ಲಿ, ಬರ್ಮಾದಿಂದ ಬಂದ ಖಡ್ಗವೊಂದು ಹಲಸೂರಿನ ಮನೆಯನ್ನು ಸೇರಿದಾಗ ಅದರಲ್ಲಿನ ಒಂದು ಕಣವು ತವರಿಗೆ ಮರಳಿರಲೂಬಹುದು.

ಜೀರ್ಣೋದ್ಧಾರವೋ, ಪಾಠನಾಶವೋ?

ಈಗ ಮುಖ್ಯ ವಿಷಯಕ್ಕೆ ಬರೋಣ. ತುಕ್ಕು ಹಿಡಿದ ಅಲಗನ್ನು ಮತ್ತೆ ಬೆಳಗಿಸುವವನಿಗೆ ಜಪಾನಿನಲ್ಲಿ ‘ತೊಗಿಶಿ’ ಎಂದು ಹೆಸರು. ಅವನ ಶಿಕ್ಷಣ ಗುರುಕುಲದಂತೆ ಹಲವು ವರ್ಷಗಳದು. ಯಂತ್ರವಿಲ್ಲ, ತಿರುಗುವ ಚಕ್ರವಿಲ್ಲ. ನೀರು ಮತ್ತು ಕಲ್ಲುಗಳೇ ಸಾಧನ. ಒರಟು ಕಲ್ಲಿನಿಂದ ಆರಂಭಿಸಿ ನಯವಾದ ಕಲ್ಲುಗಳಿಗೆ ಒಂದೊಂದಾಗಿ ಏರುತ್ತಾನೆ. ಕೊನೆಯ ಕಲ್ಲುಗಳು ಕಾಗದದಷ್ಟು ತೆಳುವಾದ ಚೂರುಗಳಾಗಿದ್ದು, ಬೆರಳ ತುದಿಯಿಂದ ಒತ್ತಿ ಅಲಗಿನ ಮೇಲೆ ಆಡಿಸತಕ್ಕವು. ಒಂದು ಖಡ್ಗಕ್ಕೆ ವಾರಗಳೇ ಹಿಡಿಯಬಹುದು. ಹೊನಾಮಿ ಎಂಬ ಮನೆತನ ಈ ವೃತ್ತಿಯಲ್ಲಿಯೂ ಖಡ್ಗಪರೀಕ್ಷೆಯಲ್ಲಿಯೂ ತಲೆತಲಾಂತರದಿಂದ ಹೆಸರಾದದ್ದು. ಆ ಮನೆತನದ ಕೊಯೆತ್ಸು (೧೫೫೮–೧೬೩೭) ಜಪಾನಿನ ಅತ್ಯುತ್ತಮ ಲಿಪಿಕಲಾವಿದರಲ್ಲೊಬ್ಬನೆಂದು ಪ್ರಸಿದ್ಧ. ಉಕ್ಕಿನ ಮೈಯನ್ನು ಓದಬಲ್ಲ ಮನೆತನದಲ್ಲಿ ಅಕ್ಷರದ ಸೊಗಸನ್ನು ಬಲ್ಲವನು ಹುಟ್ಟಿದ್ದು ಆಶ್ಚರ್ಯವಲ್ಲ.

ಪ್ರತಿಯೊಂದು ಸಲ ಉಜ್ಜಿದಾಗಲೂ ಅಲಗು ಸ್ವಲ್ಪ ಸವೆಯುತ್ತದೆ. ಹೊರಗಿನ ಗಡುಸು ಉಕ್ಕಿನ ಚರ್ಮ ತೆಳುವಾಗುತ್ತ ಬಂದು ಕೊನೆಗೆ ಒಳಗಿನ ಮೆದು ಕಬ್ಬಿಣ ಇಣುಕುತ್ತದೆ. ಅಲ್ಲಿಗೆ ಆ ಖಡ್ಗದ ಆಯುಷ್ಯ ಮುಗಿಯಿತು. ಆದುದರಿಂದ ತೊಗಿಶಿಯ ಹಿರಿಮೆ ಎಷ್ಟು ಕಡಮೆ ತೆಗೆದನೆಂಬುದರಲ್ಲಿದೆ. ಗ್ರಂಥಸಂಪಾದಕನ ಹಿರಿಮೆಯೂ ಇದರಲ್ಲಿಯೇ ಇದೆಯಲ್ಲವೆ? ಅರ್ಥವಾಗದ ಪದವನ್ನು ಕಿತ್ತುಹಾಕಿ ಸುಲಭವಾದ ಪದವನ್ನಿಟ್ಟು ಪದ್ಯವನ್ನು ಹೊಳಪುಗೊಳಿಸುವವನು ಸಂಪಾದಕನಲ್ಲ. ತ್ರುಟಿತವಾದುದನ್ನು ತ್ರುಟಿತವೆಂದೇ ತೋರಿಸುವ ಸಂಯಮ ಬೇಕು. ಕಾಗದದ ಮೇಲಿನ ತಪ್ಪು ತಿದ್ದುಪಡಿಯನ್ನಾದರೂ ಮುಂದಿನವರು ಮೂಲಪ್ರತಿಯನ್ನು ನೋಡಿ ಸರಿಪಡಿಸಬಹುದು. ಸಾಣೆಚಕ್ರ ತಿಂದ ಉಕ್ಕಿಗೆ ಮೂಲಪ್ರತಿಯೇ ಇಲ್ಲ.

ಇದು ಬರಿಯ ಶಾಸ್ತ್ರದ ಮಾತಲ್ಲ. ಹಲಸೂರಿನ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿ ಅವರ ಅಜ್ಜ ಬರ್ಮಾದಿಂದ ತಂದ ಖಡ್ಗವಿತ್ತು. ಅಜ್ಜ ಬದುಕಿರುವವರೆಗೂ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲವಂತೆ. ಅವರು ತೀರಿಕೊಂಡ ಮೇಲೆ ಬಂದ ಮೊದಲ ಆಯುಧಪೂಜೆಗೆ ಮನೆಯವರು ಭಕ್ತಿಯಿಂದಲೇ ಅದನ್ನು ಸಾಣೆ ಹಿಡಿಸಿದರು. ಬುಡವನ್ನು ಹುಣಿಸೆಹಣ್ಣು ಹಚ್ಚಿ, ಉಪ್ಪುಕಾಗದದಿಂದ ತಿಕ್ಕಿ ಬೆಳ್ಳಿಯಂತೆ ಮಾಡಿದರು. ಎಂಟು ಅಕ್ಷರಗಳಿದ್ದ ಕಡೆ ನಾನು ನೋಡುವಾಗ ಎರಡರ ಅರ್ಧರ್ಧ ಗೆರೆಗಳು ಉಳಿದಿದ್ದುವು. ಅಲಗಿನ ಮೇಲೆ ಹಮೊನ್ ಇರಬೇಕಾದಲ್ಲಿ ಚಕ್ರದ ಗೀರುಗಳಿದ್ದುವು. ಅದು ಕಾರ್ಖಾನೆಯದೋ, ನಾನ್ನೂರು ವರ್ಷದ್ದೋ ಇನ್ನು ಯಾರೂ ಹೇಳಲಾರರು. ‘ಅಜ್ಜ ಅದನ್ನು ಯಾರಿಂದ ಪಡೆದರೆಂದು ತಿಳಿಯುವ ಆಸೆಯಿತ್ತು ಪಂಡಿತರೆ’ ಎಂದರು ಆ ವಿದ್ಯಾರ್ಥಿ. ನನ್ನಲ್ಲಿ ಉತ್ತರವಿರಲಿಲ್ಲ. ಖಡ್ಗಕ್ಕೆ ಕೇಡಾದದ್ದು ಹಗೆಯಿಂದಲ್ಲ, ಅಲಕ್ಷ್ಯದಿಂದಲೂ ಅಲ್ಲ, ಪೂಜೆಯಿಂದ. ಇದನ್ನು ನೆನೆದಾಗಲೆಲ್ಲ ಮನಸ್ಸಿಗೆ ಖೇದವಾಗುತ್ತದೆ.

ಅಂಗೋಪಾಂಗಗಳು

ಖಡ್ಗದ ಅಂಗಗಳೇ ಒಂದು ಪ್ರತ್ಯೇಕ ಲೋಕ. ಹಿಡಿಗೂ ಅಲಗಿಗೂ ನಡುವೆ ಕೈಯನ್ನು ಕಾಯುವ ಬಿಲ್ಲೆ ‘ತ್ಸುಬಾ’. ಹಿಡಿಯ ದಾರದ ಕೆಳಗೆ ಅಡಗಿ ಕೂತ ಪುಟ್ಟ ಮೂರ್ತಿಗಳು ‘ಮೆನುಕಿ’. ಅಲಗನ್ನು ಒರೆಯ ಬಾಯಲ್ಲಿ ಬಿಗಿಯಾಗಿ ನಿಲ್ಲಿಸುವ ಲೋಹದ ಪಟ್ಟಿ ‘ಹಬಾಕಿ’. ಹೂವು, ಹಕ್ಕಿ, ಅಲೆ, ಚಂದ್ರ, ಪುರಾಣಪುರುಷರು, ಎಲ್ಲವನ್ನೂ ಅಂಗೈಯಗಲದ ಲೋಹದಲ್ಲಿ ಕಂಡರಿಸಿದ್ದಾರೆ. ಗೊತೊ ಯೂಜೊ (೧೪೪೦–೧೫೧೨) ಎಂಬವನಿಂದ ಆರಂಭವಾದ ಒಂದೇ ಮನೆತನ ನಾಲ್ಕು ಶತಮಾನಗಳ ಕಾಲ ಈ ಕಸಬನ್ನು ನಡೆಸಿತು.

ಅವರು ಬಳಸಿದ ಮಿಶ್ರಲೋಹಗಳಲ್ಲಿ ‘ಶಾಕುದೊ’ ಎಂಬುದೊಂದು. ತಾಮ್ರಕ್ಕೆ ನೂರಕ್ಕೆ ಮೂರು ನಾಲ್ಕು ಪಾಲು ಚಿನ್ನವನ್ನು ಬೆರಸಿ, ರಸಾಯನದಲ್ಲಿ ಕುದಿಸಿದರೆ ಅದು ಕಾಗೆಯ ರೆಕ್ಕೆಯಂತೆ ನೀಲಿಗಪ್ಪಾಗುತ್ತದೆ. ‘ಶಿಬುಇಚಿ’ ಎಂಬುದು ತಾಮ್ರಕ್ಕೆ ನಾಲ್ಕನೆಯ ಒಂದು ಪಾಲು ಬೆಳ್ಳಿ ಸೇರಿದ್ದು. ಹೆಸರಿನ ಅರ್ಥವೇ ‘ನಾಲ್ಕರಲ್ಲಿ ಒಂದು’. ಕಪ್ಪು ನೆಲದ ಮೇಲೆ ಬೆಳ್ಳಿ ಬಂಗಾರಗಳ ಕುಂದಣವನ್ನು ನೋಡಿದವರಿಗೆ ನಮ್ಮ ಬೀದರಿನ ಬಿದರಿ ಕೆಲಸ ನೆನಪಾಗದಿರದು. ಬಿದರಿಯಲ್ಲಿ ಸತುವೇ ಪ್ರಧಾನ. ಅಲ್ಲಿನ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರುತ್ತದೆ. ಲೋಹ ಬೇರೆ, ತತ್ತ್ವ ಒಂದೇ. ಆ ಕಪ್ಪು ಕೊಳೆಯಲ್ಲ, ಶಿಲ್ಪಿ ಬೇಕೆಂದು ತಂದ ಬಣ್ಣ. ಹಿತ್ತಾಳೆಯ ಚೊಂಬನ್ನು ಬೆಳಗುವಂತೆ ತ್ಸುಬಾವನ್ನು ಬೆಳಗಿದರೆ ಬಣ್ಣವೆಲ್ಲ ಹೋಗಿ ಬೋಳು ತಾಮ್ರ ಉಳಿಯುತ್ತದೆ.

೧೮೭೬ರಲ್ಲಿ ಜಪಾನೀ ಸರ್ಕಾರ ಸಾರ್ವಜನಿಕವಾಗಿ ಖಡ್ಗಧಾರಣೆ ಮಾಡುವುದನ್ನು ನಿಷೇಧಿಸಿತು. ಕಮ್ಮಾರರು ಕೆಲಸ ಕಳೆದುಕೊಂಡರು. ತ್ಸುಬಾ ಮಾಡುತ್ತಿದ್ದವರು ಹೂದಾನಿ, ಆಭರಣಗಳನ್ನು ಮಾಡತೊಡಗಿದರು. ಹಳೆಯ ಅಂಗಗಳು ರಾಶಿರಾಶಿಯಾಗಿ ಐರೋಪ್ಯ ಹಾಗೂ ಅಮೆರಿಕದ ಸಂಗ್ರಾಹಕರ ಪಾಲಾದುವು. ಅದಾದ ಎರಡೇ ವರ್ಷಕ್ಕೆ, ೧೮೭೮ರಲ್ಲಿ, ಭಾರತದಲ್ಲಿ ಬ್ರಿಟಿಷರ ಆಯುಧ ಕಾಯಿದೆ ಬಂದಿತು. ವಿದೇಶದ ಅಗ್ಗದ ಕಬ್ಬಿಣದೆದುರು ನಮ್ಮ ಮೂಸೆಯ ಉಕ್ಕಿನ ಕುಲುಮೆಗಳೂ ಆರಿಹೋದುವು. ೧೯೪೫ರ ಅನಂತರ ಜಪಾನಿನಲ್ಲಿ ಗೆದ್ದವರು ಖಡ್ಗಗಳನ್ನು ಮುಟ್ಟುಗೋಲು ಹಾಕಿಕೊಂಡಾಗ, ಕಲಾವಸ್ತುಗಳನ್ನಾದರೂ ಉಳಿಸಬೇಕೆಂದು ಅಲ್ಲಿನ ವಿದ್ವಾಂಸರು ವಾದಿಸಿ ಗೆದ್ದರು. ೧೯೪೮ರಲ್ಲಿ ಖಡ್ಗಸಂರಕ್ಷಣೆಯ ಸಂಘವನ್ನು ಕಟ್ಟಿದರು. ಆ ಸಂಘದ ಆಶ್ರಯದಲ್ಲಿ ೧೯೭೭ರಲ್ಲಿ ಶಿಮಾನೆ ಪ್ರಾಂತದಲ್ಲಿ ತತಾರಾ ಕುಲುಮೆಗೆ ಮತ್ತೆ ಬೆಂಕಿ ಬಿದ್ದಿತು. ಅಲ್ಲಿ ವಿದ್ಯೆ ಉಳಿಯಿತು. ನಮ್ಮಲ್ಲಿ ಉಕ್ಕೆಂಬ ಶಬ್ದ ಉಳಿಯಿತು, ಮೂಸೆಯ ವಿದ್ಯೆ ಕೈಬಿಟ್ಟಿತು.

ಗೃಹಸ್ಥನು ಮಾಡಬೇಕಾದುದು

ಇಂಥ ಖಡ್ಗವಿರುವ ಮನೆಯವರು ಕೆಲವು ನಿಯಮಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಮೊದಲನೆಯದಾಗಿ, ಅಲಗನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಬೆವರು ಕೆಲವೇ ದಿನಗಳಲ್ಲಿ ತುಕ್ಕಿನ ಮುದ್ರೆಯನ್ನೊತ್ತುತ್ತದೆ. ಒರೆಯಿಂದ ಸೆಳೆಯುವಾಗ ಬಾಯಿ ಮೇಲ್ಮುಖವಾಗಿದ್ದು, ಬೆನ್ನು ಒರೆಗೆ ತಾಗಿಕೊಂಡು ಜಾರುವಂತಿರಬೇಕು. ಮಕ್ಕಳು ಒಂಟಿಯಾಗಿ ಇದನ್ನು ಮುಟ್ಟತಕ್ಕದ್ದಲ್ಲ.

ಎರಡನೆಯದಾಗಿ, ಹಳೆಯ ಎಣ್ಣೆಯನ್ನು ಮೃದುವಾದ ಶುಭ್ರವಸ್ತ್ರದಿಂದ ಬುಡದ ಕಡೆಯಿಂದ ಮೊನೆಯ ಕಡೆಗೆ, ಬೆನ್ನಿನ ಕಡೆಯಿಂದ ಹಿಡಿದು, ಒರಸಿ ತೆಗೆದು, ತೆಳ್ಳಗೆ ಹೊಸ ಎಣ್ಣೆ ಸವರಬೇಕು. ಜಪಾನೀಯರು ಸವರುವ ‘ಚೋಜಿ’ ಎಣ್ಣೆಯಲ್ಲಿ ಲವಂಗದ ಸುವಾಸನೆಯಿರುತ್ತದೆ. ಹೊಲಿಗೆಯಂತ್ರಕ್ಕೆ ಹಾಕುವ ಶುದ್ಧವಾದ ತೆಳು ಎಣ್ಣೆಯೂ ನಡೆದೀತು. ಅಡುಗೆಯ ಎಣ್ಣೆ ಸಲ್ಲದು, ಅದು ಜಿಗುಟಾಗಿ ಅಂಟುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಎರಡು ತಿಂಗಳಿಗೊಮ್ಮೆಯಾದರೂ ತೆಗೆದು ನೋಡಬೇಕು.

ಮೂರನೆಯದಾಗಿ, ಬುಡದ ತುಕ್ಕನ್ನು ಮುಟ್ಟಬಾರದು. ಅಕ್ಷರಗಳಿದ್ದರೆ ಓರೆಬೆಳಕಿನಲ್ಲಿ ಎರಡೂ ಮೈಗಳ ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ಶಾಸನದ ಪಡಿಯಚ್ಚಿಗೆ ಇದು ಸಮಾನ. ಓದಬಲ್ಲವರಿಗೆ ಖಡ್ಗದ ಬದಲು ಚಿತ್ರವನ್ನು ಕಳಿಸಬಹುದು.

ನಾಲ್ಕನೆಯದಾಗಿ, ಒರೆ ಬಿರಿದಿದ್ದರೆ ಈಗಿನ ರಾಸಾಯನಿಕ ಅಂಟುಗಳನ್ನು ಹಾಕಬಾರದು. ಮರದ ಒರೆಯ ಎರಡು ಹೋಳುಗಳನ್ನು ಜಪಾನೀಯರು ಅನ್ನವನ್ನು ಅರೆದು ಮಾಡಿದ ಅಂಟಿನಿಂದ ಕೂಡಿಸುತ್ತಿದ್ದರು. ಒಳಗೆ ಕೊಳೆ ಸೇರಿದಾಗ ಹೋಳುಗಳನ್ನು ಮರಕ್ಕೆ ಕೇಡಾಗದಂತೆ ಬಿಡಿಸಿ, ಶುಚಿಗೊಳಿಸಿ, ಮತ್ತೆ ಕೂಡಿಸಲೆಂದೇ ಈ ಏರ್ಪಾಡು. ಕೂಡಿಸಿದ್ದನ್ನು ಬಿಡಿಸಲು ಬರುವಂತಿರಬೇಕೆಂಬ ಈ ವಿವೇಕ ಸಕಲ ಜೀರ್ಣೋದ್ಧಾರಕ್ಕೂ ಸೂತ್ರಪ್ರಾಯವಾದುದು.

ಐದನೆಯದಾಗಿ, ರಾಜಶಾಸನವನ್ನು ಮರೆಯಬಾರದು. ೧೯೫೯ರ ಆಯುಧ ಕಾಯಿದೆ ಖಡ್ಗಗಳಿಗೂ ಅನ್ವಯಿಸುತ್ತದೆ; ಸಂಗ್ರಹಿಸುವವರು ತಮ್ಮ ಪ್ರದೇಶದ ನಿಯಮವನ್ನು ಪೊಲೀಸ್ ಅಧಿಕಾರಿಗಳಲ್ಲಿ ವಿಚಾರಿಸಿಕೊಳ್ಳುವುದು ಲೇಸು. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ದೇಶದಿಂದ ಹೊರಗೆ ಕೊಂಡೊಯ್ಯಲು ಖಾಸಗಿ ವ್ಯಕ್ತಿಗಳಿಗೆ ೧೯೭೨ರ ಪ್ರಾಚ್ಯವಸ್ತುಗಳ ಕಾಯಿದೆ ಅಡ್ಡಿಯಾಗುತ್ತದೆ. ಇತ್ತ ಜಪಾನಿನಲ್ಲಿ ಖಡ್ಗಕ್ಕೆ ಪ್ರಾಂತೀಯ ಶಿಕ್ಷಣ ಮಂಡಲಿಯ ನೋಂದಣಿಪತ್ರ ಬೇಕು. ಕಾರ್ಖಾನೆಯ ಅಲಗುಗಳಿಗೆ ಅದು ದೊರೆಯುವುದಿಲ್ಲ. ಆದುದರಿಂದ ‘ಜಪಾನಿಗೆ ಕಳಿಸಿ ಬೆಳಗಿಸಿ ತರಿಸೋಣ’ ಎಂಬುದು ಹೇಳಿದಷ್ಟು ಸುಲಭವಲ್ಲ. ಬಲ್ಲ ತೊಗಿಶಿಯ ಕೈಗೆ ತಲಪುವವರೆಗೆ ಇದ್ದುದನ್ನು ಇದ್ದಂತೆ ಕಾಯುವುದೇ ನಮ್ಮ ಪಾಲಿನ ಜೀರ್ಣೋದ್ಧಾರ. ಶಿವಾಜಿನಗರದ ಗುಜರಿಗೆ ತೂಕಕ್ಕೆ ಹಾಕುವುದಾಗಲಿ, ಮೋಟಾರು ಸಾಣೆಗೆ ಒಡ್ಡುವುದಾಗಲಿ ಎರಡೂ ಒಂದೇ.

ಕೊನೆಯದಾಗಿ, ಖಡ್ಗದ ಜೊತೆಗೆ ಅದರ ಕಥೆಯನ್ನೂ ಕಾಯಬೇಕು. ತಂದವರು ಯಾರು, ಯಾವ ದಳದವರು, ಯಾವ ಊರಿನಲ್ಲಿ ಯಾವ ವರ್ಷ ಪಡೆದರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಕೆಲವು ಖಡ್ಗಗಳ ಹಿಡಿಗೆ ಒಡೆಯನ ಹೆಸರು ಬರೆದ ಮರದ ಚೀಟಿಯನ್ನು ಕಟ್ಟಿರುತ್ತಾರೆ; ಅದನ್ನು ಕಸವೆಂದು ಬಿಸಾಡಬಾರದು. ಸೋತವನಿಗೂ ಒಂದು ಮನೆಯಿತ್ತು, ಅವನಿಗೂ ಮೊಮ್ಮಕ್ಕಳಿರಬಹುದು. ಬೇಗೂರಿನಿಂದ ತಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿಸಿದ ಗಂಗರ ಕಾಲದ ವೀರಗಲ್ಲಿನಲ್ಲಿ ಕಾಳಗವನ್ನು ಕಂಡರಿಸಿ ಮಡಿದ ನಾಗತ್ತರನ ಹೆಸರನ್ನು ಬರೆಯಿಸಿದ್ದಾರೆ. ಹೆಸರು ಉಳಿದುದರಿಂದ ಅದು ಚರಿತ್ರೆಯಾಯಿತು.

ನಮ್ಮ ಹಳೆಯ ಲಿಪಿಕಾರರು ಗ್ರಂಥವನ್ನು ಬರೆದು ಮುಗಿಸಿದ ಮೇಲೆ ಓದುಗನಲ್ಲಿ ಒಂದು ಬಿನ್ನಹವನ್ನು ಮಾಡುವ ವಾಡಿಕೆಯಿದೆ: ಈ ಪುಸ್ತಕವನ್ನು ಎಣ್ಣೆಯಿಂದ ಕಾಯಿ, ನೀರಿನಿಂದ ಕಾಯಿ, ಸಡಿಲವಾದ ಕಟ್ಟಿನಿಂದ ಕಾಯಿ, ಮೂರ್ಖನ ಕೈಯಿಂದ ಕಾಯಿ ಎಂದು. ಖಡ್ಗಕ್ಕೆ ಎಣ್ಣೆಯೊಂದು ಮಿತ್ರ. ಉಳಿದ ಮೂರೂ ಪುಸ್ತಕಕ್ಕೆ ಹೇಗೋ ಇದಕ್ಕೂ ಹಾಗೆಯೇ ಶತ್ರುಗಳು. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳ ಮನೆಯಲ್ಲಿ, ನೆರೆಯಲ್ಲಿ, ಬಂಧುವರ್ಗದಲ್ಲಿ ಇಂಥದೊಂದು ವಸ್ತುವಿದ್ದರೆ ಬರುವ ಆಯುಧಪೂಜೆಯಂದು ಅದಕ್ಕೆ ಹೂವೇರಿಸಲಿ, ಕೈಮುಗಿಯಲಿ. ಅಲಗಿಗೆ ಕುಂಕುಮ ನೀರುಗಳನ್ನು ತಾಗಿಸದಿರಲಿ. ಸಾಣೆಗೆ ಮಾತ್ರ ಕೊಡದಿರಲಿ.